ಊರು ಬದಲಿಸಿದ ಕಪಾಟು

ಡೆಲ್ಫಿನ್‌ಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವಳ ಗಂಡ ಲೆಸ್ಟರ್ ಕಂಡಕಂಡವರೆದುರು ಹೇಳಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ. ಜೆಬೆಲ್ ಅಲಿಯ ಗೋದಾಮಿನಲ್ಲಿ ಬಂದಿಳಿದ ಪೆಟ್ಟಿಗೆಗಳ ಒಳಗೇನಿದೆ ಎಂದು ದಿನವಿಡೀ ತಪಾಸಣೆ ಮಾಡುವ ಕೆಲಸ ಅವನದು. ಮನೆಯಲ್ಲಿರುವವಳ ಒಳಗೇನಿದೆ ಎಂದು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ. ಅವಳಿಗೆ ಸುಳ್ಳು ಚೆನ್ನಾಗಿಯೇ ಬರುತ್ತಿತ್ತು. ಅಷ್ಟು ಚೆನ್ನಾಗಿ ಬರುತ್ತದೆ ಎಂಬುದು ಅವಳಿಗೇ ತಿಳಿದದ್ದು ಮಾತ್ರ ದುಬೈಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಇಟಲಿಯ ಒಂದು ಹಳೆಯ ಕಪಾಟಿನ ಎದುರು ನಿಂತಾಗ.

ಡೆಲ್ಫಿನ್ ಉಡುಪಿಯ ಹತ್ತಿರದ ಕಲ್ಯಾಣಪುರದವಳು. ಅಪ್ಪ ಬೇಕರಿಯ ಒಲೆಯ ಮುಂದೆ ಬೆಂದವರು, ಅಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲಿ ದುಡಿದವರು. ಮದುವೆಯಾಗಿ ದುಬೈಗೆ ಬಂದವಳು ಮೊದಲು ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತಳು. ಮಗಳು ಸ್ಟೇಸಿ ಹುಟ್ಟಿದಾಗ ಕೆಲಸ ಬಿಟ್ಟಳು. ಮಗು ಶಾಲೆಯ ಬಸ್ಸು ಹತ್ತುವಷ್ಟಾದ ಮೇಲೆ ಮತ್ತೆ ಹುಡುಕಿದಾಗ ಸಿಕ್ಕಿದ್ದು ಶೇಖ್ ಝಾಯೆದ್ ರಸ್ತೆಯ ಪಕ್ಕದ ಒಂದು ಅಂಗಡಿ. ಅಲ್ಲಿ ಮಾರುತ್ತಿದ್ದದ್ದು ಇಟಲಿಯ ಹಳೆಯ ಮರದ ಸಾಮಾನು. ಒಂದು ಬಣ್ಣದ ಮರವನ್ನು ತೆಳ್ಳಗೆ ಕೊರೆದು, ಆ ಗುಳಿಯೊಳಗೆ ಬೇರೆ ಬಣ್ಣದ ಮರವನ್ನೋ ದಂತವನ್ನೋ ಚಿಪ್ಪನ್ನೋ ಕೂರಿಸಿ ಚಿತ್ರ ಮೂಡಿಸಿದ ಮೇಜು, ಕಪಾಟು, ಪೆಟ್ಟಿಗೆಗಳು. ಮೊದಲ ದಿನ ಒಳಗೆ ಕಾಲಿಟ್ಟ ಡೆಲ್ಫಿನ್, ನಮ್ಮೂರಲ್ಲಿ ಇಷ್ಟು ಹಳೆಯದನ್ನು ಕೋಳಿಗೂಡಿಗೆ ಕೊಡುತ್ತಾರಲ್ಲ ಎಂದುಕೊಂಡಳು. ಬೆಲೆಚೀಟಿ ನೋಡಿದ ಮೇಲೆ ಹಾಗೆಂದುಕೊಳ್ಳುವುದನ್ನು ಬಿಟ್ಟಳು.

ಅಂಗಡಿಯ ಒಡತಿ ಇಟಲಿಯ ಒಬ್ಬ ಮುದುಕಿ. ಎಲ್ಲರೂ ಸಿನ್ಯೋರಾ ಎನ್ನುತ್ತಿದ್ದರು. ಅಬುಧಾಬಿಯ ಖಾಲಿದಿಯಾದಲ್ಲಿ ಅವಳ ದೊಡ್ಡ ಅಂಗಡಿ. ದುಬೈಗೆ ಬರುವುದು ವಾರಕ್ಕೊಮ್ಮೆ. ಬಂದಾಗಲೆಲ್ಲ ಡೆಲ್ಫಿನ್‌ಳನ್ನು ಒಂದೊಂದು ಸಾಮಾನಿನ ಮುಂದೆ ನಿಲ್ಲಿಸಿ ಪಾಠ ಮಾಡುತ್ತಿದ್ದಳು. ಇಟಲಿ ಎಂದರೆ ಒಂದೇ ಊರಲ್ಲ, ಒಂದೊಂದು ಸೀಮೆಗೆ ಒಂದೊಂದು ಕೈ ಎನ್ನುವುದು ಅವಳ ಮೊದಲ ಮಾತು. ಡೆಲ್ಫಿನ್‌ಗೆ ಅದು ಬೇಗ ಹತ್ತಿತು. ಕುಂದಾಪುರದ ಮೀನುಸಾರಿಗೂ ಮಂಗಳೂರಿನ ಪುಳಿಮುಂಚಿಗೂ ವ್ಯತ್ಯಾಸ ತಿಳಿದವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಹೊಟ್ಟೆ ಉಬ್ಬಿಸಿಕೊಂಡು, ಮೈತುಂಬ ದಂತ ಮುತ್ತಿನಚಿಪ್ಪು ಹೇರಿಕೊಂಡು ಮದುಮಗಳಂತೆ ನಿಂತದ್ದು ಬಡಗಣ ಪೀಡ್‌ಮಾಂಟಿನದು. ಕಂದು ಮರದ ಮೇಲೆ ತಿಳಿ ಮರದ ಹೂವು ಹಕ್ಕಿ ಇದ್ದರೆ ರೋಲೊ ಎಂಬ ಸಣ್ಣ ಊರಿನದು. ತೆಂಕಣ ಸಮುದ್ರದ ದಂಡೆಯ ಸೊರೆಂಟೊದವರು ದಂತ ಗಿಂತಕ್ಕೆ ಹೋಗುವವರಲ್ಲ. ಹಿತ್ತಿಲಲ್ಲಿ ಬೆಳೆದ ಆಲಿವ್, ಕಿತ್ತಳೆ, ನಿಂಬೆ ಮರಗಳನ್ನೇ ಕೊಯ್ದು ಕುಣಿಯುವ ಹುಡುಗಿಯರ ಚಿತ್ರ ಕೂರಿಸುತ್ತಾರೆ. ಇನ್ನು ಲೊಂಬಾರ್ದಿಯ ಕಡೆ ಒಂದು ಹಳೆಯ ಬಗೆಯಿದೆ. ಚೆರ್ತೊಸೀನಾ ಎನ್ನುತ್ತಾರೆ. ಚಿತ್ರವಿಲ್ಲ, ಹೂವಿಲ್ಲ, ಬರೀ ನಕ್ಷತ್ರ, ಚೌಕ, ಬಳ್ಳಿಗಂಟುಗಳು. ಕಪ್ಪಾದ ಅಕ್ರೋಟಿನ ಮರದಲ್ಲಿ ಬೆಳ್ಳಗೆ ಸಾವಿರ ಚೂರುಗಳು. ಆ ಬಿಳಿ ಎಲುಬು. ಎತ್ತಿನದೋ ಕುದುರೆಯದೋ. ಬಿಳಿ ಕಂಡರೆ ಹತ್ತಿರ ಹೋಗಿ ನೋಡು, ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ಕಪ್ಪು ಚುಕ್ಕೆ ಇದ್ದರೆ ಅದು ಮರವೂ ಅಲ್ಲ ದಂತವೂ ಅಲ್ಲ ಎಂದು ಸಿನ್ಯೋರಾ ಹೇಳಿಕೊಟ್ಟಿದ್ದಳು.

೨೦೧೩ರ ಬೇಸಗೆಯ ಒಂದು ಮಧ್ಯಾಹ್ನ ಸುಶೀಲಮ್ಮ ಅಂಗಡಿಗೆ ಬಂದರು. ಬಂದದ್ದು ಕೊಳ್ಳಲಿಕ್ಕಲ್ಲ, ಬಿಸಿಲಿಗೆ ಹೆದರಿ. ಗಂಡ ದ್ವಾರಕನಾಥರಿಗೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಏನೋ ಮೀಟಿಂಗ್. ಮೈಸೂರಿನವರು, ಜುಮೇರಾ ಲೇಕ್ ಟವರ್ಸ್‌ನಲ್ಲಿ ಮನೆ. ಗಂಡ ಒಂದು ಕಂಪನಿಯ ಲೆಕ್ಕಪತ್ರದ ಮುಖ್ಯಸ್ಥರು, ಒಬ್ಬನೇ ಮಗ ಸಿಂಗಪುರದಲ್ಲಿ. ಇಷ್ಟೂ ವಿಷಯ ಅವರು ಕುಳಿತು ನೀರು ಕುಡಿಯುವುದರೊಳಗೆ ಡೆಲ್ಫಿನ್‌ಗೆ ತಿಳಿದಾಗಿತ್ತು. ಅವಳು ಫೋನಿನಲ್ಲಿ ಯಾರೊಡನೆಯೋ ಕನ್ನಡ ಆಡಿದ್ದು ಕೇಳಿಸಿ ಅವರ ಮುಖ ಅರಳಿಬಿಟ್ಟಿತ್ತು.

ಆಮೇಲೆ ಎದ್ದು ಅಂಗಡಿ ಸುತ್ತಿದರು. ಮೂಲೆಯಲ್ಲಿದ್ದ ಒಂದು ಕಪಾಟಿನೆದುರು ನಿಂತವರು ಮುಂದೆ ಹೋಗಲಿಲ್ಲ. ಎರಡು ಬಾಗಿಲಿನ, ಎದೆಮಟ್ಟದ ಕಪಾಟು. ಬಾಗಿಲಿನ ಮೇಲೂ ಒಳಗಿನ ಹಲಗೆಗಳ ಅಂಚಿಗೂ ಬಿಳಿಯ ನಕ್ಷತ್ರಗಳು. ಇದು ರಂಗೋಲಿ ಅಲ್ಲವೇ, ನಮ್ಮಮ್ಮ ಧನುರ್ಮಾಸದಲ್ಲಿ ಹೀಗೇ ಎಳೆಯುತ್ತಿದ್ದರು ಎಂದು ಬೆರಳಲ್ಲಿ ಗೆರೆ ಹಿಡಿದು ತೋರಿಸಿದರು. ಇಲ್ಲಿಗೆ ಬಂದಾಗಿನಿಂದ ದೇವರು ಅಡುಗೆಮನೆಯ ಪ್ಲೈವುಡ್ ಶೆಲ್ಫಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ಕೂತಿದ್ದಾನೆ, ಗಂಡನ ಅಜ್ಜನ ಕಾಲದ ಸಾಲಿಗ್ರಾಮ ಇದೆ, ಅದಕ್ಕೊಂದು ಮರ್ಯಾದೆಯ ಜಾಗ ಬೇಕಿತ್ತು ಎಂದರು. ಹಾಗೆನ್ನುತ್ತ ತಿರುಗಿ ಕೇಳಿದರು.

“ಈ ಬಿಳೀದು ಏನಮ್ಮ? ದಂತ ಅಲ್ಲ ತಾನೇ? ದೇವರಿಗೆ ಇಡೋದು, ಅದಕ್ಕೇ ಕೇಳ್ತಿದೀನಿ.”

“ದಂತ ಅಲ್ಲ ಆಂಟಿ,” ಎಂದಳು ಡೆಲ್ಫಿನ್. ಅಲ್ಲಿಯವರೆಗೆ ನಿಜ.

“ಮತ್ತೆ?”

“ಮರ. ಬಿಳಿ ಮರ. ಕಿತ್ತಳೆ ಮರ, ನಿಂಬೆ ಮರ, ಅಂಥದ್ದು. ಸೊರೆಂಟೊ ಅಂತ ಒಂದು ಊರು ಉಂಟು, ನಮ್ಮ ಮಂಗಳೂರಿನ ಹಾಗೆ ಸಮುದ್ರದ ಬದಿ. ಅಲ್ಲಿದ್ದು ಇದು.”

ಬಡಗಣ ಲೊಂಬಾರ್ದಿಯಲ್ಲಿ ಹುಟ್ಟಿದ ಕಪಾಟನ್ನು ಗೇಟ್‌ಪಾಸೂ ಇಲ್ಲದೆ ಇಟಲಿಯ ಉದ್ದಕ್ಕೂ ಸಾಗಿಸಿ ತೆಂಕಣ ಸಮುದ್ರದ ದಂಡೆಯಲ್ಲಿ ಇಳಿಸಿಬಿಟ್ಟಳು. ಮಾರಾಟದ ಆಸೆಯಿಂದ ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪಲ್ಲ, ಅಂಗಡಿಯವರ ಹಣೆಬರಹವೇ ಅದು. ಆದರೆ ಅವಳಿಗೆ ಆ ಕಪಾಟು ಹೋದರೂ ಒಂದೇ, ಇದ್ದರೂ ಒಂದೇ. ಆ ಹೆಂಗಸಿನ ಅರಳಿದ ಮುಖದೆದುರು ಎಲುಬು ಎನ್ನುವ ಶಬ್ದ ಬಾಯಿಂದ ಹೊರಡಲಿಲ್ಲ, ಅಷ್ಟೆ.

ಅದರ ಹಿಂದೆ ಒಂದು ಹಳೆಯ ಅಭ್ಯಾಸವಿತ್ತು. ಶಾಲೆಗೆ ಹೋಗುವಾಗ ಸೋಮವಾರ ಅವಳ ಬುತ್ತಿಯಲ್ಲಿ ಆದಿತ್ಯವಾರ ಉಳಿದ ದನದ ಮಾಂಸದ ಸುಕ್ಕ ಇರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದವಳು ಒಬ್ಬ ಭಟ್ಟರ ಮಗಳು. ಎಂಥ ಪದಾರ್ಥ ಎಂದು ಅವಳು ಕೇಳಿದರೆ ಡೆಲ್ಫಿನ್ ಮುಚ್ಚಳ ಅರ್ಧ ಮುಚ್ಚಿ ಬಟಾಟೆ ಎನ್ನುತ್ತಿದ್ದಳು. ಬಡಪಾಯಿ ಬಟಾಟೆ ಎಷ್ಟು ಸೋಮವಾರ ಅವಳ ಮಾನ ಕಾಪಾಡಿತೋ ದೇವರಿಗೇ ಗೊತ್ತು. ಭಟ್ಟರ ಮಗಳು ಕೆಟ್ಟವಳೇನಲ್ಲ. ಒಂದು ದಿನವೂ ಮೂಗು ಮುರಿದವಳಲ್ಲ. ಒಳ್ಳೆಯವಳು, ತನ್ನನ್ನು ಬಿಟ್ಟು ಬೇರೆ ಬೆಂಚಿಗೆ ಹೋದರೆ ಎನ್ನುವ ಹೆದರಿಕೆಯಿಂದಲೇ ಡೆಲ್ಫಿನ್ ಸುಳ್ಳು ಹೇಳುತ್ತಿದ್ದದ್ದು. ಕೆಟ್ಟವರಿಗೆ ನಿಜ ಹೇಳಿಬಿಡುವುದು ಸುಲಭ.

ದ್ವಾರಕನಾಥರು ಕೆಳಗಿಳಿದು ಬಂದು, ಹೆಂಡತಿ ತೋರಿಸಿದ್ದನ್ನು ನೋಡಿ, ಹೂಂ ಎಂದರು. ಆ ವಾರವೇ ಕಪಾಟು ಜುಮೇರಾ ಲೇಕ್ ಟವರ್ಸ್‌ಗೆ ಹೋಯಿತು. ರಸೀದಿಯಲ್ಲಿ ಇಟಲಿಯ ಕಪಾಟು ಎಂದಷ್ಟೇ ಬರೆದಿತ್ತು.

ಮಾರಿದ ಸಾಮಾನಿನ ಜೊತೆ ಕತೆ ಮುಗಿಯುತ್ತದೆ ಎಂದು ಡೆಲ್ಫಿನ್ ಅಂದುಕೊಂಡಿದ್ದಳು. ಸುಶೀಲಮ್ಮ ಬಿಡುವವರಲ್ಲ. ದೇವರನ್ನು ಕೂರಿಸಿದ ದಿನ ಫೋನ್ ಮಾಡಿ ಕರೆದರು. ಇವಳು ಹೋದಾಗ ಸಾಲಿಗ್ರಾಮ, ಬೆಳ್ಳಿಯ ಲಕ್ಷ್ಮಿ, ನರಸಿಂಹನ ಪಟ ಎಲ್ಲ ಆ ನಕ್ಷತ್ರಗಳ ನಡುವೆ ಕೂತು ದೀಪದಲ್ಲಿ ಹೊಳೆಯುತ್ತಿದ್ದವು. ಊಟಕ್ಕೆ ಕೂರಿಸಿದರು, ಎಲ್ಲರಿಗೂ ಇಟ್ಟ ಎಲೆಯ ಸಾಲಿನಲ್ಲೇ ಎಲೆ, ಎಲ್ಲರಿಗೂ ಕೊಟ್ಟ ಲೋಟದಲ್ಲೇ ನೀರು. ಅವಳು ಹೆದರಿದ್ದ ಯಾವುದೂ ಆ ಮನೆಯಲ್ಲಿರಲಿಲ್ಲ. ಅದರಿಂದ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ನಾಚಿಕೆಯಾಯಿತು.

ಆಮೇಲೆ ಹಬ್ಬ ಎಂದರೆ ಕರೆ, ಹೊಸ ಉಪ್ಪಿನಕಾಯಿ ಹಾಕಿದರೆ ಕರೆ, ಗಂಡ ಪ್ರವಾಸ ಹೋದರೆ ಬೇಸರ ಎಂದು ಕರೆ. ಸ್ಟೇಸಿಗೆ ಕನ್ನಡ ಅಕ್ಷರ ಕಲಿಸುತ್ತೇನೆಂದು ಕೂತರು. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಬಿಡಲಿಲ್ಲ. ಡೆಲ್ಫಿನ್‌ಳ ಅಮ್ಮ ಊರಲ್ಲಿ ತೀರಿಕೊಂಡು ಅವಳಿಗೆ ರಜೆ ಸಿಗದೆ ಹೋದಾಗ, ಕರಾಮಾದಲ್ಲಿ ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡಿದ್ದ ಅವಳ ಫ್ಲಾಟಿಗೆ ಬಂದು ದಿನವಿಡೀ ಅವಳ ಪಕ್ಕ ಕೂತಿದ್ದವರು ಸುಶೀಲಮ್ಮ. ಮನೆಗೆ ಬಂದವರಿಗೆಲ್ಲ ಕಪಾಟು ತೋರಿಸಿ, ಇವಳೇ ಕೊಡಿಸಿದ್ದು, ಸೊರೆಂಟೊದ್ದು, ಹಿತ್ತಿಲ ಕಿತ್ತಳೆ ಮರದಲ್ಲಿ ಮಾಡಿದ್ದು, ಒಂದು ಪ್ರಾಣಿಗೂ ನೋವಿಲ್ಲ ಎಂದು ಹೇಳುತ್ತಿದ್ದರು. ಹೇಳಿದ ಹಾಗೆಲ್ಲ ಕತೆಗೆ ಟಿಸಿಲೊಡೆಯುತ್ತಿತ್ತು. ಯಾರೋ ಮುದುಕ ಬಡಗಿ ತನ್ನ ಮಗಳ ಮದುವೆಗೆ ಮರ ಕಡಿದನಂತೆ ಎನ್ನುವವರೆಗೂ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕಪಾಟಿನ ಮಾತು ಬಂದೊಡನೆ ಡೆಲ್ಫಿನ್ ಎದ್ದು ಲೋಟ ತೊಳೆಯಲು ಹೋಗುತ್ತಿದ್ದಳು.

ಸ್ಟೇಸಿಯ ಮೊದಲ ಪರಮಪ್ರಸಾದದ ದಿನ ಸುಶೀಲಮ್ಮ ರೇಷ್ಮೆಸೀರೆ ಉಟ್ಟು ಜೆಬೆಲ್ ಅಲಿಯ ಚರ್ಚಿಗೆ ಬಂದು, ಕೊನೆಯ ಬೆಂಚಿನಲ್ಲಿ ಪೂಜೆ ಮುಗಿಯುವವರೆಗೂ ಕೂತರು. ಅವರಿಗೆಂದೇ ಡೆಲ್ಫಿನ್ ಮೊಟ್ಟೆ ಹಾಕದ ಕೇಕು ಬೇರೆ ಮಾಡಿಸಿದ್ದಳು. ಬೇಕರಿಯವನಿಗೆ ಮತ್ತೆಮತ್ತೆ ಫೋನ್ ಮಾಡಿ ವಿಚಾರಿಸಿದ್ದಳು, ಬೇರೆ ಚಾಕು ಇಟ್ಟಿದ್ದಳು. ಅದನ್ನು ತಿನ್ನುತ್ತ ಸುಶೀಲಮ್ಮ, ನಿನ್ನ ಕೈಯಿಂದ ಕೊಟ್ಟರೆ ನಾನು ಕೇಳುವುದೂ ಇಲ್ಲ ಎಂದರು. ನಾಲಗೆಗೆ ಒಂದು ಮೊಟ್ಟೆ ತಾಗದಂತೆ ಇಷ್ಟು ನೋಡಿಕೊಂಡವಳು ಅವರ ದೇವರ ಕೆಳಗೆ ಇಟ್ಟದ್ದೇನು ಎಂದುಕೊಂಡು ಡೆಲ್ಫಿನ್ ತನ್ನ ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದುಹೋದಳು.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಹೊರಟಳು. ಮೆಟ್ರೋದಲ್ಲಿ ಕೂತಾಗ ಮಾತುಗಳು ಸಾಲಾಗಿ ನಿಲ್ಲುತ್ತಿದ್ದವು, ಅವರು ಬಾಗಿಲು ತೆರೆದು ಬಾರಮ್ಮ ಎಂದ ಕೂಡಲೆ ಚದುರುತ್ತಿದ್ದವು. ತಡವಾದಷ್ಟೂ ತಪ್ಪಿನ ತೂಕ ಏರುತ್ತಿತ್ತು. ಮೊದಲ ವಾರ ಹೇಳಿದ್ದರೆ ನಕ್ಕುಬಿಡಬಹುದಾಗಿದ್ದದ್ದು ಈಗ ಎದೆಯ ಮೇಲಿನ ಬೀಸುಕಲ್ಲಾಗಿತ್ತು. ಒಮ್ಮೆ ಚರ್ಚಿನಲ್ಲಿ ಪಾಪನಿವೇದನೆಗೆ ಹೋದಳು. ಕಾರ್ಗೋ ಪೆಟ್ಟಿಗೆಯಲ್ಲಿ ಬೆಲೆಯ ಸಾಮಾನನ್ನು ಹಳೇ ಬಟ್ಟೆಯ ನಡುವೆ ಸುತ್ತಿಡುವ ನಮ್ಮವರ ಹಾಗೆ, ಮಗಳ ಮೇಲೆ ಸಿಟ್ಟಾದೆ, ಶುಕ್ರವಾರದ ರಜೆಯಲ್ಲೂ ಪೂಜೆ ತಪ್ಪಿಸಿದೆ, ಒಂದು ಸುಳ್ಳು ಹೇಳಿದೆ, ಅತ್ತೆಗೆ ಫೋನ್ ಮಾಡಲಿಲ್ಲ ಎಂದು ಅದನ್ನು ನಡುವೆ ತುರುಕಿದಳು. ಪಾದ್ರಿಗೆ ಅದು ಸಿಗಲೇ ಇಲ್ಲ. ಜಪ ಹೇಳಿಸಿ ಕಳಿಸಿದರು. ಇಗರ್ಜಿಯ ಮೆಟ್ಟಿಲಿಳಿಯುವಾಗ, ದೇವರನ್ನೂ ಗಿರಾಕಿಯ ಹಾಗೆ ನಡೆಸಿಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

೨೦೧೫ರ ಗೌರಿಹಬ್ಬಕ್ಕೆ ಕೆಲಸ ಮುಗಿಸಿ ನೆಟ್ಟಗೆ ಸುಶೀಲಮ್ಮನ ಮನೆಗೆ ಹೋದಳು. ಹೊರಡುವಾಗ ಅವರು ಕರೆದು ಕಪಾಟಿನ ಮುಂದೆ ನಿಲ್ಲಿಸಿದರು. ದೇವರಿಗೆ ಬೇಡ, ನಿಮ್ಮ ಪಾದ್ರಿಗಳು ಬೈದಾರು, ನನಗೆ ನಮಸ್ಕಾರ ಮಾಡು ಸಾಕು ಎಂದು ನಕ್ಕರು. ಡೆಲ್ಫಿನ್ ಬಗ್ಗಿದಳು. ಕಪಾಟಿನ ಕೆಳಹಲಗೆಯಲ್ಲಿದ್ದ ಬಟ್ಟಲಿನಿಂದ ಅಕ್ಷತೆ ತೆಗೆದು, ತಾಯಿ ಇಲ್ಲದ ಮಗು, ನೂರು ಕಾಲ ಚೆನ್ನಾಗಿರು ಎಂದು ತಲೆಯ ಮೇಲೆ ಹಾಕಿದರು.

ಮನೆಗೆ ಬಂದು ಕನ್ನಡಿಯೆದುರು ಕೂದಲು ಬಿಚ್ಚಿದಾಗ ಅರಿಸಿನದ ಅಕ್ಕಿಕಾಳುಗಳು ಮಡಿಲಿಗೆ ಉದುರಿದವು. ಹೆಕ್ಕುತ್ತಿದ್ದ ಸ್ಟೇಸಿ ಅದರಲ್ಲೊಂದನ್ನು ಎತ್ತಿ ಹಿಡಿದಳು. ಮೂಲೆಗಳಿದ್ದ, ಚಪ್ಪಟೆಯಾದ ಸಣ್ಣ ಬಿಳಿ ಚೂರು.

“ಮಮ್ಮಾ, ವಾಟ್ ಈಸ್ ದಿಸ್?”

“ಅಕ್ಕಿ,” ಎಂದಳು ಡೆಲ್ಫಿನ್.

ಮಗಳು ಅನುಮಾನದಿಂದ ನೋಡಿ ಅದನ್ನು ಅವಳ ಅಂಗೈಯಲ್ಲಿಟ್ಟು ಹೋದಳು. ಚೂರಿನ ಮೈಯಲ್ಲಿ ಸೂಜಿ ಚುಚ್ಚಿದಂಥ ಚುಕ್ಕೆಗಳು. ಏನಾಯಿತೆಂದು ಅವಳಿಗೆ ಕೂಡಲೆ ಹೊಳೆಯಿತು. ಆ ಕಾಲದವರು ಚೂರು ಕೂರಿಸಲು ಬಳಸುತ್ತಿದ್ದದ್ದು ಚರ್ಮ ಬೇಯಿಸಿ ತೆಗೆದ ಅಂಟು. ನೀರು ಕಂಡರೆ ಅದು ಬಿಡುತ್ತದೆ. ದಿನಾ ಬೆಳಗ್ಗೆ ಸಾಲಿಗ್ರಾಮಕ್ಕೆ ಅಭಿಷೇಕ, ಹಲಗೆಯ ಮೇಲೆ ಚೆಲ್ಲಿದ ತೀರ್ಥ, ಅಂಚಿನ ನಕ್ಷತ್ರಗಳು ಒಂದೊಂದಾಗಿ ಕಳಚಿ ಕೆಳಗಿನ ಅಕ್ಷತೆಯ ಬಟ್ಟಲಿಗೆ ಬಿದ್ದಿವೆ. ಕನ್ನಡಕ ಹಾಕದ ಸುಶೀಲಮ್ಮ ಅದನ್ನು ಅಕ್ಕಿಯೆಂದೇ ತಿಳಿದು ಎಷ್ಟು ಜನರ ತಲೆಯ ಮೇಲೆ ಹಾಕಿದ್ದಾರೋ. ಇಟಲಿಯ ಎಲುಬಿನ ಸಾಮಾನನ್ನು ದಿನಾ ಮೀಯಿಸುವವರು ಲೋಕದಲ್ಲಿ ಅವರೊಬ್ಬರೇ ಇರಬೇಕು, ಹಾಗೆ ಮೀಯಿಸಲು ಹಚ್ಚಿದವಳು ತಾನೊಬ್ಬಳೇ. ಅವಳು ಮಂಚದ ಅಂಚಿಗೆ ಕೂತು ಅತ್ತಳು. ಲೆಸ್ಟರ್ ಬಂದು ಏನೆಂದು ಕೇಳಿದ. ಎಲ್ಲ ಹೇಳಿದಳು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆ ಚೂರನ್ನು ಬಿಸಾಡು, ಖಲಾಸ್, ಅವರಿಗೆ ಗೊತ್ತಾಗುವುದು ಹೇಗೆ ಎಂದ. ಸುಳ್ಳು ಬಾರದ ಹೆಂಡತಿಯ ಗಂಡ ಕೊಟ್ಟ ಸಲಹೆ ಅದು.

ಗಣೇಶನ ಹಬ್ಬ ಕಳೆದ ಮೊದಲ ಕೆಲಸದ ದಿನವೇ ರಜೆ ಹೇಳಿ ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ದ್ವಾರಕನಾಥರು ಆಫೀಸಿಗೆ ಹೋಗಿದ್ದರು. ಚಪ್ಪಲಿ ಬಿಡುತ್ತಿದ್ದ ಹಾಗೆಯೇ, ಮಾತು ಚದುರುವ ಮೊದಲೇ, ಅಂಗೈ ಬಿಚ್ಚಿ ತೋರಿಸಿದಳು.

“ಆಂಟಿ, ಇದು ನಿಮ್ಮ ಕಪಾಟಿದ್ದು. ಇದು ಮರ ಅಲ್ಲ. ಎಲುಬು.”

ಸುಶೀಲಮ್ಮ ಕನ್ನಡಕ ತಂದು ಹಾಕಿಕೊಂಡು ನೋಡಿದರು. ಯಾವುದರದು ಎಂದು ಕೇಳಿದರು. ಎತ್ತಿನದೋ ಕುದುರೆಯದೋ, ಹೆಚ್ಚಾಗಿ ಎತ್ತಿನದು ಎಂದಳು. ಅಂಗಡಿಯಲ್ಲಿ ಕೇಳಿದ ದಿನ ನಿನಗೆ ಗೊತ್ತಿತ್ತೇ ಎಂದು ಕೇಳಿದರು. ಡೆಲ್ಫಿನ್ ಹೌದೆಂದು ತಲೆಯಾಡಿಸಿದಳು. ಅವರು ಕುರ್ಚಿ ಎಳೆದು ಕೂತರು.

“ಶಂಖ ಊದ್ತೀವಿ, ಅದೇನು ಮರದ್ದಾ? ಮಡಿಗೆ ಉಡೋ ರೇಷ್ಮೆ ಹುಳು ಬೇಯಿಸಿ ತೆಗೆದದ್ದು ಅಂತ ನಂಗೇನು ಗೊತ್ತಿಲ್ವಾ?” ಎಂದರು. “ತಿಳ್ಕೊಂಡು ಬೇಕು ಅನ್ನೋದೋ ಬೇಡ ಅನ್ನೋದೋ ನನ್ನ ಪಾಡು. ಅದನ್ನ ನೀನು ನನಗೆ ಬಿಡಲಿಲ್ಲ. ಯಾಕೆ ಹಾಗೆ ಹೇಳಿದೆ?”

“ನೀವು ನನ್ನನ್ನು ಬೇರೆ ಥರ ನೋಡ್ತೀರಿ ಅಂತ ಹೆದರಿದೆ ಆಂಟಿ.”

“ಹಾಗಾದ್ರೆ ನೀನು ನನ್ನನ್ನ ಯಾವ ಥರ ನೋಡಿದೆ?”

ಡೆಲ್ಫಿನ್ ಚೂರನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತತೊಡಗಿದಳು. ಇಷ್ಟು ವರ್ಷ ತನ್ನನ್ನು ಕೀಳಾಗಿ ನೋಡುವವರನ್ನು ಅಂಜುತ್ತ ಬಂದವಳು, ಬಂದು ನೀರು ಕೇಳಿದ ಹೆಂಗಸನ್ನು ಅರಿಯುವ ಮೊದಲೇ, ಇವರೂ ಅಂಥವರೇ ಎಂದು ತೂಗಿ ಬದಿಗಿಟ್ಟಿದ್ದಳು. ಅಷ್ಟು ಹೊತ್ತು ಅವಳು ನಾಚಿದ್ದು ಸುಳ್ಳಿಗೆ. ಅದರ ಕೆಳಗೆ ಇಂಥದೊಂದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಸುಶೀಲಮ್ಮ ಎದ್ದು ಕೈಕಾಲು ತೊಳೆದು ಬಂದರು. ಸಾಲಿಗ್ರಾಮವನ್ನೂ ಲಕ್ಷ್ಮಿಯನ್ನೂ ಪಟವನ್ನೂ ತಟ್ಟೆಯಲ್ಲಿಟ್ಟು ಅಡುಗೆಮನೆಗೆ ಒಯ್ದು ಒಂದು ಮಣೆಯ ಮೇಲೆ ಕೂರಿಸಿದರು. ಅಕ್ಷತೆಯನ್ನು ತುಳಸಿ ಕುಂಡಕ್ಕೆ ಸುರಿದರು. ಆಮೇಲೆ ಕಪಾಟಿನ ಒಂದು ಬದಿ ಹಿಡಿದು, ಹಿಡ್ಕೊ ಎಂದರು. ಇಬ್ಬರೂ ಸೇರಿ ಅದನ್ನು ಹಾಲಿಗೆ ಸರಿಸಿದರು. ಏದುಸಿರು ಬಿಡುತ್ತ ನಿಂತು, ಈಗ ಹೇಳು, ಇದು ನಿಜವಾಗಿ ಯಾವ ಊರಿನದು ಎಂದು ಕೇಳಿದರು.

ಡೆಲ್ಫಿನ್ ಹೇಳಿದಳು. ಲೊಂಬಾರ್ದಿ ಎಂದಳು, ಅಕ್ರೋಟಿನ ಮರ ಎಂದಳು. ಚೆರ್ತೊಸೀನಾ ಎನ್ನುವ ಹೆಸರು ಬಂದದ್ದು ಕಾರ್ತೂಸಿಯನ್ ಎಂಬ ಮಠದ ಸನ್ಯಾಸಿಗಳಿಂದ. ಅವರು ಮಾತಾಡುವುದು ಕಡಿಮೆ, ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಜಪ ಮಾಡುವವರು, ಕಾಯಿಲೆ ಬಿದ್ದರೂ ಮಾಂಸ ಮುಟ್ಟದವರು. ಅಂಥವರ ಮಠಗಳ ಹೆಸರೇ ಈ ಎಲುಬಿನ ಕೆಲಸಕ್ಕೆ ಅಂಟಿಕೊಂಡಿತು ಎಂದಳು. ಹೇಳುತ್ತ ಹೇಳುತ್ತ ಅವಳ ಸ್ವರ ಸಣ್ಣದಾಯಿತು.

“ಮಾಂಸ ಮುಟ್ಟದವರು,” ಎಂದರು ಸುಶೀಲಮ್ಮ. “ಇದನ್ನ ಆವತ್ತೇ ಹೇಳ್ಬಾರ್ದಿತ್ತೇನೇ? ದೇವರನ್ನ ಇಡ್ತಿರಲಿಲ್ಲ. ಹಾಲಲ್ಲಿಟ್ಟು ಬಂದವರಿಗೆಲ್ಲ ಇದನ್ನೇ ಹೇಳ್ತಿದ್ದೆ. ಈಗ ನೋಡು, ಎರಡು ವರ್ಷದಿಂದ ನನ್ನ ಬಾಯಲ್ಲೂ ಸುಳ್ಳು ಹೇಳಿಸಿದೀಯ.” ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಡೆಲ್ಫಿನ್‌ಗೆ ಹಗುರಾಗುತ್ತಿತ್ತು. ಬಾಗಿಲವರೆಗೆ ಬಂದು, ಶುಕ್ರವಾರ ಬಾ ಎಂದಷ್ಟೇ ಹೇಳಿದರು.

ಶುಕ್ರವಾರ ಅವರ ಮನೆಯಲ್ಲಿ ಸಹಸ್ರನಾಮಕ್ಕೆ ಹೆಂಗಸರು ಸೇರುವ ದಿನ. ಬೆಂಗಳೂರು ಮೈಸೂರು ಕಡೆಯವರು, ಅದೇ ಟವರುಗಳಲ್ಲಿ ಇರುವವರು, ಕಿತ್ತಳೆ ಮರದ ಕತೆಯನ್ನು ಬಾಯಿಪಾಠ ಮಾಡಿಕೊಂಡವರು. ಲೆಸ್ಟರ್ ಹೋಗಬೇಡ ಎಂದ. ಜನರೆದುರು ಮಾನ ತೆಗೆಯಲು ಕರೆದಿರಬೇಕು ಎಂದ. ತೆಗೆದರೆ ತೆಗೆಯಲಿ, ಇಟ್ಟುಕೊಂಡಾದರೂ ಏನು ಮಾಡಲಿ ಎಂದುಕೊಂಡು ಡೆಲ್ಫಿನ್ ಹೊರಟಳು.

ಪಾರಾಯಣ ಅಡುಗೆಮನೆಯ ಮಣೆಯ ಮುಂದೆಯೇ ನಡೆಯಿತು. ಮುಗಿದು ಎಲ್ಲರೂ ಹಾಲಿಗೆ ಬಂದು ಸಜ್ಜಿಗೆಯ ತಟ್ಟೆ ಹಿಡಿದು ಕೂತಾಗ ಕಣ್ಣುಗಳೆಲ್ಲ ಮೂಲೆಯಲ್ಲಿ ಬರಿದಾಗಿ ನಿಂತ ಕಪಾಟಿನ ಮೇಲೆ. ಕೇಳಿದವಳು ಸ್ಪಂದನಾ, ಅವರಲ್ಲೆಲ್ಲ ಚಿಕ್ಕವಳು, ಬೆಂಗಳೂರಿನ ಐಟಿ ಹುಡುಗಿ. ದೇವರನ್ನು ಯಾಕೆ ಎಬ್ಬಿಸಿದಿರಿ ಎಂದಳು.

“ಅದು ಕಿತ್ತಳೆ ಮರ ಅಲ್ಲಮ್ಮ, ಮೂಳೆ,” ಎಂದರು ಸುಶೀಲಮ್ಮ, ಚಮಚ ಹಂಚುತ್ತ. ಒಬ್ಬಿಬ್ಬರು ಅಯ್ಯೋ ಎಂದರು. ಅವರು ಕೇಳಿಸದವರಂತೆ ಮುಂದುವರಿದರು. “ತಪ್ಪು ನಂದೇ. ನಾನು ವಿಚಾರಿಸಲೇ ಇಲ್ಲ. ರಂಗೋಲಿ ಹಾಗೆ ಕಂಡಿತು, ತಂದ್ಬಿಟ್ಟೆ. ಆ ಊರು, ಆ ಮರ, ಎಲ್ಲ ನಾನೇ ಕಟ್ಟಿದ ಕತೆ.”

ಡೆಲ್ಫಿನ್ ತಲೆಯೆತ್ತಿದಳು. ಸುಶೀಲಮ್ಮ ಅವಳತ್ತ ನೋಡಲಿಲ್ಲ. ಅವಳ ಸುಳ್ಳನ್ನು ಅವರು ತಮ್ಮದೆಂದು ಇಡೀ ಸಭೆಯ ಮುಂದೆ ಎತ್ತಿಕೊಂಡಿದ್ದರು. ಅವಳು ಮಾಡಬೇಕಾದದ್ದು ಸುಮ್ಮನೆ ಕೂರುವುದಷ್ಟೆ. ಹೆಂಗಸರು ನಕ್ಕರು. ಸುಶೀಲಮ್ಮನ ಕತೆ ಕಟ್ಟುವ ಬುದ್ಧಿಯನ್ನು ಯಾರೋ ಹಾಸ್ಯ ಮಾಡಿದರು, ಇನ್ನೊಬ್ಬರು ವಯಸ್ಸಾಯಿತು ಎಂದರು. ಅವರೂ ಜೊತೆಗೆ ನಕ್ಕರು. ಆ ನಗು ನೋಡಲು ಡೆಲ್ಫಿನ್‌ಗೆ ಆಗಲಿಲ್ಲ.

ಸ್ಪಂದನಾ ಅವಳ ಕಡೆ ತಿರುಗಿ ಮರುಕದಿಂದ ಕೇಳಿದಳು. “ಪಾಪ, ನಿಮಗೂ ಗೊತ್ತಿರಲಿಲ್ಲ ಅಲ್ವಾ?”

ಹೌದು ಎಂಬುದು ನಾಲಗೆಯ ತುದಿಯವರೆಗೆ ಬಂದಿತ್ತು. ಒಂದೇ ಶಬ್ದ, ಎಲ್ಲರೂ ಅದನ್ನೇ ಬಯಸಿದ್ದರು.

“ಗೊತ್ತಿತ್ತು,” ಎಂದಳು ಡೆಲ್ಫಿನ್. “ಆಂಟಿ ಕೇಳಿದ್ರು. ದೇವರಿಗೆ ಇಡೋದು ಅಂತ ಹೇಳಿಯೇ ಕೇಳಿದ್ರು. ನಾನು ಗೊತ್ತಿದ್ದೂ ಸುಳ್ಳು ಹೇಳಿದೆ.”

ಯಾರೋ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. ಡೆಲ್ಫಿನ್‌ಗೆ ಕಿವಿ ಕಾದು ಹೋಗಿತ್ತು, ಕಣ್ಣೆತ್ತಲು ಆಗುತ್ತಿರಲಿಲ್ಲ. ತನ್ನ ಕಾಲಬೆರಳುಗಳನ್ನೇ ನೋಡುತ್ತ ಕೂತಳು. ಅಷ್ಟರಲ್ಲಿ ಸುಶೀಲಮ್ಮ ಉಳಿದ ಚಮಚಗಳನ್ನು ಬದಿಗಿಟ್ಟು ಬಂದು ಸೋಫಾದಲ್ಲಿ ಅವಳ ಪಕ್ಕಕ್ಕೆ ಕೂತರು. ಕೈ ಹಿಡಿಯಲಿಲ್ಲ, ಹೋಗಲಿ ಬಿಡು ಎನ್ನಲಿಲ್ಲ. ಎಲ್ಲರೂ ಎದ್ದು ಹೋಗುವವರೆಗೆ ಅಲ್ಲಿಂದ ಏಳಲೂ ಇಲ್ಲ.